ಭಾಲ್ಕಿಗೆ ಬಂದ ವಿಮಾನದ ಹಡಗು

ಔರಾದಿನ ನಮ್ಮ ಕಚೇರಿಯ ಕಿಟಕಿ ಸರಳುಗಳಿಗೆ ಮೊನ್ನೆ ಬೂದು ಬಣ್ಣ ಬಳಿದರು. ಬಣ್ಣ ಯಾವುದಾದರೇನು, ಮೂಗಿಗೆ ಬಡಿಯುವುದು ಥಿನ್ನರ್ ವಾಸನೆಯೇ. ಉಳಿದವರು ಸೆರಗು, ಕರವಸ್ತ್ರ ಮೂಗಿಗೆ ಹಿಡಿದು ಚಹಾದ ನೆಪದಲ್ಲಿ ಹೊರಗೆ ನಡೆದರು. ನಾನೊಬ್ಬಳು ಮಾತ್ರ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು ಕೂತೆ. ಎಲ್ಲರಿಗೂ ಬೇಡವಾದ ಇಂಥ ಒಂದು ವಾಸನೆ ನಿಮಗೂ ಆಪ್ತವಾಗಿರಬಹುದು. ನನಗೆ ಅದು ಭಾಲ್ಕಿಯ ಕಾಕಾನ ಮನೆಯ ಪಡಸಾಲೆಯ ವಾಸನೆ. ಅಲ್ಲಿ ಕೆಲವು ವರ್ಷಗಳ ಹಿಂದೆ ಹಡಗು ಕಟ್ಟುತ್ತಿದ್ದರು.

ನಗಬೇಡಿ. ಭಾಲ್ಕಿಗೂ ಸಮುದ್ರಕ್ಕೂ ಎತ್ತಣಿಂದೆತ್ತ ಸಂಬಂಧ ಎಂಬುದು ನನಗೂ ಗೊತ್ತು. ನಮ್ಮ ಸೀಮೆಯಲ್ಲಿ ನೀರೆಂದರೆ ಬಾವಿ, ಬಹಳವಾದರೆ ಕೆರೆ. ಆದರೆ ವಿಮಾನಗಳಿಗೆ ನಮ್ಮಲ್ಲಿ ಬರವಿಲ್ಲ. ಬೀದರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಯುವವರು ದಿನಬೆಳಗಾದರೆ ತಲೆಯ ಮೇಲೆ ಸುತ್ತುತ್ತಿರುತ್ತಾರೆ. ಗಾಂಧಿ ಗಂಜದಲ್ಲಿ ತೊಗರಿ ಚೀಲ ಹೊರುವ ಹಮಾಲರು ಆ ಸದ್ದಿಗೆ ಕತ್ತು ಸಹ ಎತ್ತುವುದಿಲ್ಲ. ಹೀಗೆ ನಾವು ಆಕಾಶ ಬಲ್ಲವರು, ಸಮುದ್ರ ಅರಿಯದವರು.

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಹರೆಯದಲ್ಲಿ ನೌಕಾಪಡೆ ಸೇರಿದ್ದರು. ದೇಶದ ಹಳೆಯ ವಿಮಾನವಾಹಕ ಹಡಗೊಂದರಲ್ಲಿ ಅವರ ನೌಕರಿ. ಊರಿನವರು ಹಡಗು ಕಂಡವರಲ್ಲ. ವಿಮಾನವನ್ನಂತೂ ದಿನವೂ ಕಾಣುತ್ತಿದ್ದರು. ಹಾಗಾಗಿ ಹುಡುಗ ವಿಮಾನದಲ್ಲಿದ್ದಾನೆ ಎಂದೇ ಎಲ್ಲರೂ ತಿಳಿದರು. ಅವರ ಹೆಂಡತಿ, ನಮ್ಮ ಕಾಕುವಿನ ಸಂಬಂಧ ಕೂಡಿಬಂದದ್ದೂ ಅದೇ ಹೆಸರಿನ ಮೇಲೆ. ಮದುವೆಯಾಗಿ ಕಾಕಾ ಕೆಲಸಕ್ಕೆ ಮರಳಿದ ಮೇಲೆ, ಆಕಾಶದಲ್ಲಿ ಸದ್ದು ಕೇಳಿದರೆ ಸಾಕು, ಕಾಕು ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಬರುತ್ತಿದ್ದಳಂತೆ. ವಿಮಾನ ಚುಕ್ಕೆಯಾಗುವವರೆಗೂ ನೋಡುತ್ತ ನಿಲ್ಲುತ್ತಿದ್ದಳಂತೆ. ಹೆಂಚಿನ ಮೇಲಿನ ರೊಟ್ಟಿ ಕಪ್ಪಾಗಿ ಅತ್ತೆಯ ಕೈಯಲ್ಲಿ ಬೈಸಿಕೊಂಡದ್ದನ್ನು ಅವಳೇ ನಗುತ್ತ ನನಗೆ ಹೇಳಿದ್ದಾಳೆ.

ಒಮ್ಮೆ ಮನೆಯವರನ್ನೆಲ್ಲ ಹಡಗಿಗೆ ಕರೆಸಿ ಒಂದು ದಿನ ಸಮುದ್ರದಲ್ಲಿ ತಿರುಗಿಸುವ ಏರ್ಪಾಡಿತ್ತು. ಕಾಕು ಹೊಸ ಸೀರೆಗೆ ಅಂಚು ಹೊಲಿಸಿಟ್ಟಿದ್ದಳು. ಹೊರಡುವ ಹೊತ್ತಿಗೆ ಜ್ವರ ಬಂತು. ಮುಂದಿನ ಸಲ ನೋಡೋಣ ಎಂದರು. ಆ ಮುಂದಿನ ಸಲ ಬರುವ ಮೊದಲೇ ಕಾಕಾ ನೌಕರಿ ಮುಗಿಸಿ ಊರಿಗೆ ಬಂದರು. ಹಡಗಿಗೂ ವಯಸ್ಸಾಯಿತು, ಕಡೆಗೊಂದು ದಿನ ಅದನ್ನು ಒಡೆದು ಗುಜರಿಗೆ ಹಾಕಿದರು. ಆ ಸುದ್ದಿ ಓದಿದ ದಿನ ಕಾಕಾ ಮಧ್ಯಾಹ್ನದ ಊಟ ಮಾಡಲಿಲ್ಲ.

ಮುಪ್ಪಿನಲ್ಲಿ ಅವರಿಗೆ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಮಾದರಿ ಕಟ್ಟುವ ಹುಚ್ಚು ಹತ್ತಿತು. ತರಿಸಿಕೊಡುವ ಕೆಲಸ ನನ್ನದು. ನಾನು ಕಲಿತವಳು ನೋಡಿ, ಫೋನಿನಲ್ಲಿ ಪೆಟ್ಟಿಗೆಯ ಮೇಲಿನ ಭರ್ಜರಿ ಚಿತ್ರ ಕಂಡು ಯಾವುದೋ ಪರದೇಶದ ದೈತ್ಯ ಹಡಗನ್ನು ತರಿಸಿಬಿಟ್ಟೆ. ಕಾಕಾ ಮುಚ್ಚಳ ತೆಗೆದು ನೋಡಿ, "ಇದ್ರ ಮ್ಯಾಲ ನಮ್ಮ ಹಡಗೇ ಇಳಸಬಹುದಲ್ಲವ್ವಾ" ಎಂದರು. ಅದು ಮರಳಿ ಹೋಯಿತು. ಎರಡನೆಯ ಸಲ ಹಡಗು ಸರಿಯಾಗಿತ್ತು, ಕಾಲ ತಪ್ಪಿತ್ತು. ವಿಮಾನ ಜಿಗಿದು ಏರಲೆಂದು ಆಮೇಲಿನ ವರ್ಷಗಳಲ್ಲಿ ಅದರ ಮುಂತುದಿಗೆ ಮೇಲಕ್ಕೆ ಬಾಗಿದ ಏರು ಕಟ್ಟಿದ್ದರಂತೆ. ಕಾಕಾ ಇದ್ದಾಗ ಹಡಗಿನ ಮೂಗು ನೆಟ್ಟಗಿತ್ತು. "ಇರ್ಲಿ ಬಿಡು, ಮೂಗು ನಾನೇ ತಿದ್ತೀನಿ" ಎಂದು ಕಾಕಾ ಒಪ್ಪಿಕೊಂಡರು.

ಆ ಚಳಿಗಾಲ ನಾನು ರವಿವಾರಕ್ಕೊಮ್ಮೆ ಬೀದರಿನಿಂದ ಭಾಲ್ಕಿಗೆ ಹೋಗುತ್ತಿದ್ದೆ. ಈಗ ನೆನೆದರೆ ಆ ಮಧ್ಯಾಹ್ನಗಳೆಲ್ಲ ಸೇರಿ ಒಂದೇ ಉದ್ದನೆಯ ಮಧ್ಯಾಹ್ನದಂತೆ ಕಾಣುತ್ತವೆ. ಕಾಕಾ ಪ್ಲಾಸ್ಟಿಕ್ ಕಡ್ಡಿಯನ್ನು ದೀಪದ ಉರಿಗೆ ಹಿಡಿದು, ಮೆತ್ತಗಾದ ಕೂಡಲೇ ಎರಡೂ ತುದಿ ಜಗ್ಗುತ್ತಿದ್ದರು. ಶಾವಿಗೆಗಿಂತ ಸಣ್ಣ ಎಳೆ ಬರುತ್ತಿತ್ತು. ಅದೇ ಹಡಗಿನ ತಂತಿ. ಅದನ್ನು ಚಿಮಟಿಗೆಯಲ್ಲಿ ಹಿಡಿದು ಅಂಟಿಸುವಾಗ ನಾವಿಬ್ಬರೂ ಉಸಿರು ಬಿಡುತ್ತಿರಲಿಲ್ಲ. ನನ್ನ ಸೀನಿಗೆ ಒಮ್ಮೆ ಎರಡು ವಿಮಾನಗಳು ಹಾರಿಹೋದವು. ಒಂದು ಇವತ್ತಿಗೂ ಸಿಕ್ಕಿಲ್ಲ. ಹೊರಗೆ ಬಿಸಿಲು ಮಾಗುತ್ತಿತ್ತು. ಗಾಳಿಗೆ ಹಿತ್ತಲಾಚೆಯ ತೊಗರಿ ಹೊಲ ಓಲಾಡುತ್ತಿತ್ತು. ಸ್ವಲ್ಪ ಕಣ್ಣು ಮುಚ್ಚಿದರೆ ಪಡಸಾಲೆಯೇ ಮೆಲ್ಲಗೆ ತೇಲಿದಂತಾಗುತ್ತಿತ್ತು.

ಹಡಗು ಹೆಚ್ಚುಕಡಿಮೆ ಮುಗಿದಿತ್ತು. ಮೇಲಟ್ಟದ ಬಿಳಿ ಗೆರೆಗಳು, ರೆಕ್ಕೆ ಮಡಚಿದ ವಿಮಾನಗಳು, ಎಲ್ಲ ಅವುಗಳ ಜಾಗದಲ್ಲಿದ್ದವು. ಚಹಾ ತಂದ ಕಾಕು ಬಗ್ಗಿ, ಬಹಳ ಹೊತ್ತು ನೋಡಿ ಕೇಳಿದಳು.

"ಏನ್ರಿ, ಇದ್ರಾಗ ನಿಮ್ಮ ವಿಮಾನ ಯಾವ್ದುರಿ?"

ಕಾಕಾನ ಕುಂಚ ನಿಂತಿತು. "ಮುಂದಿನ ರವಿವಾರ ತೋರಸ್ತೀನಿ" ಎಂದರು. ಕಾಕು ಒಳಗೆ ಹೋದ ಮೇಲೆ ನನ್ನತ್ತ ನೋಡದೆ ಹೇಳಿದರು:

"ನಂದು ಯಾವ್ದೂ ಇಲ್ಲವ್ವಾ. ನಾ ತಳದಾಗ ಇದ್ದೆ, ಬಾಯ್ಲರ್ ಕೋಣ್ಯಾಗ. ವಿಮಾನ ಏರೋದು ನಾ ಕಣ್ಣಿಲೆ ನೋಡಿದ್ದೇ ಕಡಿಮಿ. ತಲಿ ಮ್ಯಾಲ ದಡ್ ಅಂತ ಸಪ್ಪಳಾದ್ರ, ಒಂದು ಇಳೀತು ಅಂತಿದ್ವಿ."

"ಕಾಕುಗ ಯಾಕ ಹೇಳಿಲ್ರಿ?"

"ಹೇಳಬೇಕಂತೇ ಮೊದಲ್ನೇ ರಜಾಕ್ಕ ಬಂದಿದ್ದೆ. ಆಕಿ ನನಗ ಅಂಗಳಕ್ಕ ಕರಕೊಂಡು ಹೋಗಿ, ನಾ ಇಲ್ಲೇ ನಿಂತು ನಿಮಗ ನೋಡ್ತೀನ್ರಿ ಅಂದ್ಳು. ಮತ್ತ ಹ್ಯಾಂಗ ಹೇಳ್ಲಿ? ಈಗ ಹೇಳಿದ್ರ, ಇಷ್ಟ ವರ್ಷ ನನಗ ಹುಚ್ಚಿ ಮಾಡಿದ್ರಿ ಅಂತಾಳೇನೋ."

ಅಷ್ಟು ವಯಸ್ಸಾದ ಮನುಷ್ಯ ಹೆಂಡತಿಗೆ ಹೆದರಿದ್ದನ್ನು ನೋಡಿ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅವರ ಕುಂಚ ತೆಗೆದುಕೊಂಡು ಥಿನ್ನರಿನಲ್ಲಿ ತೊಳೆಯತೊಡಗಿದೆ.

ಮುಂದಿನ ರವಿವಾರ ನಾನು ಹೋದಾಗ ಕಾಕಾ ಗರಗಸದ ಸಣ್ಣ ಬ್ಲೇಡಿನಿಂದ ಹಡಗಿನ ಹೊಟ್ಟೆ ಕೊಯ್ಯುತ್ತಿದ್ದರು. ಇಡೀ ಚಳಿಗಾಲ ಬಣ್ಣ ಬಳಿದು ಉಜ್ಜಿದ ಮೈ ಅದು. "ಕಾಕಾ, ಅಂದಗೆಡ್ತದರಿ" ಎಂದೆ. "ಕೆಡ್ಲಿ. ಮ್ಯಾಲಿಂದು ಚಿತ್ರ ನೋಡಿ ಯಾರರೆ ಮಾಡ್ತಾರ" ಎಂದರು. ಒಳಗಿನ ಕೋಣೆಗೆ ಬೇಕಾದ ತುಂಡು ಯಾವ ಪೆಟ್ಟಿಗೆಯಲ್ಲೂ ಬರುವುದಿಲ್ಲ. ಪೆನ್ನಿನ ರೀಫಿಲ್ ಕತ್ತರಿಸಿ ಕೊಳವೆ ಮಾಡಿದ್ದರು, ಗುಳಿಗೆಯ ಹಾಳೆ ಸುತ್ತಿ ಬಾಯ್ಲರ್ ಮಾಡಿದ್ದರು. ಅದರ ಮುಂದೆ ಅಕ್ಕಿಕಾಳಿನಷ್ಟು ಒಬ್ಬ ಮನುಷ್ಯನನ್ನು ನಿಲ್ಲಿಸಿದರು. ಮೈಮೇಲೆ ಅಂಗಿಯಿಲ್ಲ.

ಸಂಜೆ ಕಾಕುವನ್ನು ಕರೆದರು. ಅವಳು ಚಾಳೀಸು ಏರಿಸಿ ನೆಲಕ್ಕೆ ಕೂತಳು. ನಾನು ಬ್ಯಾಟರಿ ಹಿಡಿದೆ.

"ಮ್ಯಾಲ ಹುಡುಕಬ್ಯಾಡ" ಎಂದರು ಕಾಕಾ. "ಇಲ್ಲಿ ನೋಡು. ನಾ ಇಲ್ಲಿ ಇರ್ತಿದ್ದೆ."

ಕಾಕು ನೋಡಿದಳು. ವಿಮಾನಗಳತ್ತ ಒಮ್ಮೆ, ಮತ್ತೆ ಆ ತೂತಿನತ್ತ. ಅವಳಿಗೆ ಎಲ್ಲವೂ ತಿಳಿಯಿತೆಂದು ಅವಳ ಮುಖ ನೋಡಿ ನಮಗೆ ತಿಳಿಯಿತು. ನಾವಿಬ್ಬರೂ ಅಂಟು ಹಚ್ಚುವಾಗಿನಂತೆ ಉಸಿರು ಹಿಡಿದಿದ್ದೆವು.

"ಅಂದ್ರ ನಾ ಮ್ಯಾಲ ನೋಡಕೋತ ನಿಂತಾಗ ನೀವು ಬುಡದಾಗ ಇದ್ರಿ."

"ಹೂಂ."

"ಸಮುದ್ರ ಕಾಣ್ತಿತ್ತೇನ್ರಿ?"

"ಇಲ್ಲ."

"ಗಾಳಿ?"

"ಮ್ಯಾಲಿಂದ ಒಂದು ಕೊಳವಿ ಇತ್ತು. ಅದ್ರ ಕೆಳಗ ನಿಂತ್ರ ಬರ್ತಿತ್ತು, ಜರಾ ಸರಿದ್ರ ಇಲ್ಲ."

ಕಾಕು ಸೆರಗಿನಿಂದ ಚಾಳೀಸು ಒರೆಸಿಕೊಂಡು ಇನ್ನೊಮ್ಮೆ ಬಗ್ಗಿದಳು. ಕಾಕಾ ಕೊಯ್ದು ತೆಗೆದ ತುಂಡನ್ನು ಕೈಗೆತ್ತಿಕೊಂಡು, ಇನ್ನು ಅಂಟಿಸಿ ಬಣ್ಣ ಹಚ್ಚಿದರೆ ಗೊತ್ತೂ ಆಗುವುದಿಲ್ಲ ಎಂದು ಹೇಳತೊಡಗಿದರು. ಕಾಕು ಅವರ ಕೈ ಹಿಡಿದಳು.

"ಮುಚ್ಚಬ್ಯಾಡ್ರಿ. ಗಾಳಿ ಆಡ್ಲಿ."

ಹಡಗು ಇಂದಿಗೂ ಹಾಗೆಯೇ ಇದೆ. ನೋಡಲು ಬಂದವರು, ಪಾಪ, ಎಲ್ಲೋ ಬಿದ್ದು ಒಡೆದಿದೆ ಎಂದುಕೊಳ್ಳುತ್ತಾರೆ. ಕಾಕು ಅವರನ್ನು ಬಗ್ಗಿಸಿ ಒಳಗೆ ತೋರಿಸುತ್ತಾಳೆ.

ಮೊನ್ನೆ ಆ ಬಣ್ಣದ ವಾಸನೆಯ ತಲೆನೋವು ಹೊತ್ತುಕೊಂಡೇ ಸಂತಪುರದ ಮೇಲೆ ಹಾಯ್ದು ಬರುವ ಬಸ್ಸು ಹಿಡಿದು ಬೀದರಿನ ಮನೆಗೆ ಬಂದೆ. ನನ್ನ ಗಂಡ ಬೀದರಿನ ಪಕ್ಕದ ಕೊಳಾರದ ಕಾರ್ಖಾನೆಯೊಂದರಲ್ಲಿದ್ದಾರೆ. ಯಾರಾದರೂ ಕೇಳಿದರೆ ನಾನೂ ಅಷ್ಟೇ ಹೇಳುವುದು: ಕಾರ್ಖಾನೆಯಲ್ಲಿದ್ದಾರೆ. ಊಟಕ್ಕೆ ಕೂತಾಗ ಕೇಳಿದೆ, "ನೀವು ನಿಂತು ಕೆಲ್ಸ ಮಾಡೋ ಜಾಗಾ ಹ್ಯಾಂಗದರಿ?" ಅವರು ಅನುಮಾನದಿಂದ ನನ್ನ ಮುಖ ನೋಡಿದರು. ಆಮೇಲೆ ತಟ್ಟೆ ಸರಿಸಿ, ಬೆರಳನ್ನು ನೀರಿನಲ್ಲಿ ಅದ್ದಿ ನೆಲದ ಮೇಲೆ ಗೆರೆ ಎಳೆದರು. ಇದು ಬಾಗಿಲು, ಇದು ಯಂತ್ರ, ಇಲ್ಲಿ ನಾನು. ಒಂದು ಕಡೆಯ ಗೆರೆ ಆಗಲೇ ಆರುತ್ತಿತ್ತು. ನಾನು ತಂಬಿಗೆಯನ್ನು ಅವರ ಹತ್ತಿರಕ್ಕೆ ಸರಿಸಿ, ಕಿಟಕಿ ಎಲ್ಲಿದೆ ಎಂದು ಕೇಳಿದೆ.