ತಮ್ಮನಿಗಾಗಿ ಕುಡಿದ ಕಪ್ಪು ಕಾಫಿ

ಎದುರುಮನೆಯ ಆಪಾ ಬಂದು ನಿಂತರೆ ಬಾಗಿಲು ತುಂಬುತ್ತಿತ್ತು. ದಪ್ಪ ಮಣಿಕಟ್ಟಿಗೆ ಬಳೆಗಳು ಕಚ್ಚಿಕೊಂಡಿರುತ್ತಿದ್ದವು. ಹುಬ್ಬಳ್ಳಿಯವರು, ಗಂಡ ಕ್ಲಾಂಗ್ ಬಂದರಿನಲ್ಲಿ ಇಂಜಿನಿಯರ್. ಪರದೇಶದ ಪುಚೊಂಗ್ ಊರಿನ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಬಾಯಿತುಂಬ ಕನ್ನಡ ಮಾತಾಡಲು ಮೈಸೂರಿನವಳಾದ ನನಗೆ ಅವರೊಬ್ಬರೇ ದಿಕ್ಕು. "ನೀವು ಮೈಸೂರಿನವ್ರು ಮಾತಿಗೂ ಸಕ್ಕರಿ ಹಾಕ್ತೀರೇನವಾ?" ಎಂದು ನನ್ನ ಕಾಲೆಳೆಯುತ್ತಿದ್ದರು.

ಲಾಕ್‌ಡೌನ್ ಬಂದ ವರ್ಷ ಆ ನಗು ಕಡಿಮೆಯಾಯಿತು. ಹುಬ್ಬಳ್ಳಿಯಲ್ಲಿದ್ದ ಅವರ ಒಬ್ಬನೇ ತಮ್ಮನಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು, ಡಯಾಲಿಸಿಸ್ ನಡೆಯುತ್ತಿತ್ತು. ಮನೆಯವರಲ್ಲಿ ಹೊಂದಿಕೆಯಾದದ್ದು ಆಪಾರ ರಕ್ತದ ಗುಂಪು ಮಾತ್ರ. ಕಿಡ್ನಿ ಕೊಡಲು ಅವರು ತುದಿಗಾಲಲ್ಲಿ ನಿಂತಿದ್ದರು. ಆದರೆ ಅಲ್ಲಿನ ಡಾಕ್ಟರು ವಿಡಿಯೊ ಕಾಲಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು: ಮೊದಲು ತೂಕ ಇಳಿಯಬೇಕು, ಬಿಪಿ ಹತೋಟಿಯಲ್ಲಿರಬೇಕು, ಆಮೇಲೆ ಮುಂದಿನ ಮಾತು.

ಬ್ಲ್ಯಾಕ್ ಕಾಫಿ ಕುಡಿದರೆ ಕೊಬ್ಬು ಕರಗುತ್ತದೆ ಎಂದು ಯಾರೋ ವಿಡಿಯೊ ಕಳಿಸಿದರು. ಅಂದಿನಿಂದ ಆಪಾ ಊಟ ಬಿಟ್ಟರು. ಕೆಳಗಿನ ಮಾಮಕ್ ಹೋಟೆಲಿನಿಂದ ಹಾಲು ಸಕ್ಕರೆ ಇಲ್ಲದ ಕಾಫಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತರುತ್ತಿದ್ದರು. ಸಾಲದ್ದಕ್ಕೆ ಮನೆಯಲ್ಲೂ ಕುದಿಸಿಕೊಳ್ಳುತ್ತಿದ್ದರು. ನನಗೆ ನೋಡಲಾಗುತ್ತಿರಲಿಲ್ಲ.

"ಒಂಚೂರು ಅನ್ನ ತಿನ್ನಿ ಆಪಾ. ಬರೀ ಕಾಫೀಲಿ ಬದುಕಕ್ಕಾಗತ್ತಾ?"

"ಇದನ್ನ ಕುಡದ್ರ ಹೊಟ್ಟಿ ಸುಮ್ನ ಕುಂದರ್ತೈತಿ ತಂಗಿ. ಅವಂಗ ನೀರೂ ಅಳದು ಕೊಡ್ತಾರ. ನಾ ಹೆಂಗ ಉಣ್ಲಿ?"

ತೂಕ ಇಳಿಯಿತು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಆದರೆ ಕೈ ನಡುಗುತ್ತಿತ್ತು, ಎದೆ ಡವಗುಟ್ಟುತ್ತಿತ್ತು, ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಹುಬ್ಬಳ್ಳಿಗೆ ರಿಪೋರ್ಟು ಹೋಯಿತು. ತೂಕ ಸಾಕು, ಬಿಪಿ ಮಾತ್ರ ಇನ್ನೂ ಹೆಚ್ಚಿದೆ, ಕೆಲವು ವಾರ ಬಿಟ್ಟು ನೋಡೋಣ ಎಂದರು ಅಲ್ಲಿನ ಡಾಕ್ಟರು.

ನಮ್ಮ ಬೀದಿಯ ಕ್ಲಿನಿಕ್ಕಿನ ತಮಿಳು ಡಾಕ್ಟರಮ್ಮ ವಿಚಾರಿಸಿದಾಗ ಗುಟ್ಟು ಹೊರಬಿತ್ತು. ತೂಕ ಇಳಿದದ್ದು ಉಪವಾಸದಿಂದ. ಕಾಫಿ ಹಸಿವಿನ ಬಾಯಿ ಮುಚ್ಚಿಸಿತ್ತು, ಅಷ್ಟೇ. ನಿದ್ದೆ ಕೆಡಿಸಿ ಬಿಪಿ ಏರಿಸಿದ್ದೂ ಅದೇ ಇರಬೇಕು, ನಿಲ್ಲಿಸಿ ಎಂದರು. ಆಪಾ ಆ ದಿನವೇ ನಿಲ್ಲಿಸಿದರು. ತಲೆ ಸಿಡಿಯುವ ನೋವಿಗೂ ಜಗ್ಗಲಿಲ್ಲ.

ಆ ಕೆಲವು ವಾರಗಳನ್ನು ತಮ್ಮ ದಾಟಲಿಲ್ಲ. ಕೋವಿಡ್ ಜ್ವರ ಬಂತು, ಸೋತ ಮೈ ತಡೆಯಲಿಲ್ಲ. ವಿಮಾನವಿಲ್ಲ, ಊರಿಗೆ ಹೋಗುವಂತಿಲ್ಲ. ಮಣ್ಣು ಮಾಡುವುದನ್ನು ಆಪಾ ಫೋನಿನಲ್ಲಿ ನೋಡಿದರು. ನಾನು ಪಕ್ಕದಲ್ಲಿದ್ದೆ. ಆ ದೇವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಎಷ್ಟೋ ದಿನದ ಮೇಲೆ ಬಿಪಿ ಮಿಷಿನ್ ಹಿಡಿದು ನಮ್ಮ ಮನೆಗೆ ಬಂದರು. ನನ್ನೆದುರೇ ನೋಡಿಕೊಂಡರು. ಸರಿಯಾಗಿತ್ತು. ಪರದೆಯನ್ನೇ ನೋಡುತ್ತ, "ಈಗ ಯಾಕ ಬಂತವಾ ಇದು? ಯಾರಿಗೆ ಕೊಡ್ಲಿ?" ಎಂದು ಬಿಕ್ಕಿಬಿಕ್ಕಿ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಮೇಜಿನ ಮೇಲಿದ್ದ ನನ್ನ ಕಾಫಿ ಲೋಟಗಳ ಸಾಲು ನೋಡಿದರು. ಮನೆಯಿಂದಲೇ ಆಫೀಸು, ಮೀಟಿಂಗಿಗೊಂದು ಲೋಟ ನನ್ನ ಲೆಕ್ಕ.

"ಕೈ ಕೊಡು ಇಲ್ಲೆ."

ಪಟ್ಟಿ ಸುತ್ತಿದರು. ಅಂಕಿ ನೋಡಿ ಅವರ ಮುಖ ಬಿಳಿಚಿಕೊಂಡಿತು. ನನಗೇನಾಗಿದೆ ಎಂದು ವಾದಿಸಿದೆ; ಕೇಳಲಿಲ್ಲ, ಎಬ್ಬಿಸಿಕೊಂಡು ಕ್ಲಿನಿಕ್ಕಿಗೆ ನಡೆದರು.

ಬಿಪಿ ಬಹಳ ಕಾಲದಿಂದ ಒಳಗೊಳಗೇ ಏರಿದೆ, ಕಾಫಿ ಬಿಟ್ಟರಷ್ಟೇ ಸಾಲದು, ಮಾತ್ರೆಯೂ ಬೇಕು ಎಂದರು ಡಾಕ್ಟರಮ್ಮ. ಹೀಗೇ ಬಿಟ್ಟಿದ್ದರೆ ಕಿಡ್ನಿಯೇ ಹಾಳಾಗಬಹುದಿತ್ತು ಎಂದೂ ಸೇರಿಸಿದರು.

ಪಕ್ಕದ ಕುರ್ಚಿಯಲ್ಲಿದ್ದ ಆಪಾ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. "ಅವಂಗ ಆಗ್ಲಿಲ್ಲ. ನೀ ಅರ ನೆಟ್ಟಗಿರು," ಎಂದರು.

ಈಗ ಅವರು ಹುಬ್ಬಳ್ಳಿಯಲ್ಲಿದ್ದಾರೆ. ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುವುದು ನನ್ನ ಬಿಪಿ. ಚೆನ್ನಾಗಿದೆ ಎನ್ನುತ್ತೇನೆ. ನನ್ನನ್ನು ಉಳಿಸಿದವರು ಅವರೇ ಎಂದು ಹೇಳಲು ಮಾತ್ರ ಈವರೆಗೂ ನಾಲಿಗೆ ಎದ್ದಿಲ್ಲ; ಅವರು ಉಳಿಸಬೇಕೆಂದಿದ್ದದ್ದು ನನ್ನನ್ನಲ್ಲ.