ಅಣ್ಣನ ದೋಣಿಗೆ ತಕ್ಕ ಎಂಜಿನ್

ಅಣ್ಣ ದೋಣಿ ಕೊಂಡ ಸುದ್ದಿ ನನಗೆ ಫೋನಿನಲ್ಲಿ ಬರಲಿಲ್ಲ. ದೋಣಿಯೇ ನಮ್ಮ ಅಂಗಡಿ ಮುಂದೆ ಬಂದು ನಿಂತಿತು.

ರಾಣೇಬೆನ್ನೂರಿನಲ್ಲಿ ನಾನೂ ನಮ್ಮ ಯಜಮಾನರೂ ಪಂಪ್‌ಸೆಟ್ ಮಾರುವ, ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದೇವೆ. ಒಂದು ಬೆಳಿಗ್ಗೆ ಬೀದಿಯಲ್ಲಿ ಗದ್ದಲ ಕೇಳಿ ಹೊರಗೆ ಬಂದೆ. ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನಲ್ಲಿ, ಮೆತ್ತಗೆ ಹಾಸಿದ ಹುಲ್ಲಿನ ಮೇಲೆ, ನೀಲಿ ಬಣ್ಣ ಅಲ್ಲಲ್ಲಿ ಸುಲಿದುಹೋದ ಫೈಬರ್ ದೋಣಿಯೊಂದು ಕೂತಿತ್ತು. ಪಕ್ಕದಲ್ಲಿ ಅಣ್ಣ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಅವನ ಅಂಗಿಯಿಂದ ಯಾವತ್ತೂ ಘಾಟು ಬರುತ್ತದೆ. ಅವತ್ತು ಮಾತ್ರ ಮುಖದ ತುಂಬ ಮದುವೆ ಮನೆಯ ಕಳೆ. ಮೋಟೆಬೆನ್ನೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಜನ ಸುತ್ತುವರಿದು, ಈ ಕಡೆ ಸಮುದ್ರ ಯಾವಾಗ ಬಂತು ಎಂದು ಕೇಳಿದರಂತೆ. ಅದನ್ನು ಹೇಳುವಾಗ ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ.

ದೋಣಿ ಅವನಿಗೆ ಏಕೆ ಬೇಕಾಯಿತು ಎಂದು ನಾನು ಕೇಳಬೇಕಾಗಿರಲಿಲ್ಲ. ಮೇಡ್ಲೇರಿಯಲ್ಲಿ ಹೊಳೆಯ ದಂಡೆಗೆ ಅವನ ಹೊಲವಿದೆ. ಆಚೆ ದಂಡೆಯಲ್ಲಿ ಅತ್ತಿಗೆಯ ತವರು. ಹೊಲದ ಬದುವಿನ ಮೇಲೆ ನಿಂತರೆ ಆ ಮನೆಯ ಹೆಂಚು ಕಾಣುತ್ತದೆ. ರಸ್ತೆ ಹಿಡಿದು ಹೋದರೆ ಸೇತುವೆ ಸುತ್ತಿ ಅರ್ಧ ದಿನ ಹಾಳು. ಯಾವುದೋ ಕೆರೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸಿ ಹಳೆಯದಾದ ದೋಣಿ ಮಾರಾಟಕ್ಕಿದೆ ಎಂದು ಗೊತ್ತಾದದ್ದೇ ತಡ, ಅಣ್ಣ ಹೋಗಿ ತಂದುಬಿಟ್ಟಿದ್ದ. ಎಂಜಿನ್ ಮಾತ್ರ ಇರಲಿಲ್ಲ. ಅದಕ್ಕೇ ನನ್ನ ಹತ್ತಿರ ಬಂದಿದ್ದ.

"ನಲವತ್ತು ಎಚ್‌ಪಿದು ಒಂದು ನೋಡೇನಿ ತಂಗಿ. ಹಾಕಿದ್ರ ಗಾಳಿ ಹೋದಂಗ ಹೋಗ್ತೈತಿ," ಎಂದ.

ಈ ಮಾತು ನನಗೆ ಹೊಸದಲ್ಲ. ಅಂಗಡಿಗೆ ಬರುವ ಹತ್ತು ಜನರಲ್ಲಿ ಎಂಟು ಜನ ಬೋರ್‌ವೆಲ್ಲಿನಲ್ಲಿ ಎಷ್ಟು ನೀರಿದೆ, ಪೈಪು ಎಷ್ಟು ದಪ್ಪ ಎಂದು ಹೇಳುವ ಮೊದಲೇ ದೊಡ್ಡ ಮೋಟಾರು ಕೇಳುತ್ತಾರೆ. ಈ ದೋಣಿಗೆ ಮೊದಲು ಎಷ್ಟರ ಎಂಜಿನ್ ಇತ್ತು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಒಳಗೆ ಹುಡುಕಿದೆವು. ಗರಿಷ್ಠ ಶಕ್ತಿ, ಭಾರ ಬರೆದಿರಬೇಕಾದ ತಗಡಿನ ಜಾಗದಲ್ಲಿ ನಾಲ್ಕು ರಿವೆಟ್ಟಿನ ತೂತುಗಳಷ್ಟೇ ಉಳಿದಿದ್ದವು. ಮಾರಿದವರಿಗೆ ಫೋನ್ ಮಾಡಿಸಿದೆ. ಹದಿನೈದು ಎಚ್‌ಪಿಗಿಂತ ಮೇಲೆ ಅದಕ್ಕೆ ಎಂದೂ ಹಾಕಿಲ್ಲ, ಹಾಕಲೂಬಾರದು ಎಂದರು. ದೊಡ್ಡದನ್ನೇ ಹಾಕಿ ಅರ್ಧ ವೇಗದಲ್ಲಿ ಓಡಿಸಿದರಾಯಿತು ಎಂದು ಅಣ್ಣ ವಾದಿಸಿದ. ವೇಗ ಅರ್ಧ ಮಾಡಬಹುದು, ಎಂಜಿನ್ನಿನ ಭಾರ ಅರ್ಧ ಮಾಡಲು ಬರುವುದಿಲ್ಲವಲ್ಲ ಎಂದೆ. ಅದೂ ಅಲ್ಲದೆ ಕೈಗೆ ಸಿಕ್ಕ ವೇಗವನ್ನು ಅವನು ಅರ್ಧದಲ್ಲಿ ಬಿಡುವ ಮನುಷ್ಯನಲ್ಲ. ಅವನ ಸ್ಕೂಟರಿನ ಹಿಂದೆ ಕೂತವರಿಗೆಲ್ಲ ಅದು ಗೊತ್ತು.

ಹಾವೇರಿಯಲ್ಲಿ ಅಣ್ಣನ ಹೈಸ್ಕೂಲಿನ ಗೆಳೆಯನೊಬ್ಬನಿದ್ದಾನೆ. ಬಸ್ಸು, ಟೆಂಪೋಗಳ ಫೈಬರ್ ಬಾಡಿ ಕೆಲಸ ಅವನದು. ಮನೆಯಲ್ಲಿ ಉರ್ದು, ಹೊರಗೆ ನಮಗಿಂತ ಗಟ್ಟಿಯಾದ ಕನ್ನಡ, ಎರಡರಲ್ಲೂ ಬಿಡುವಿಲ್ಲದ ಮಾತು. ದೋಣಿಯನ್ನು ಮತ್ತೆ ಅದೇ ದಾರಿಯಲ್ಲಿ ಅವನ ಶೆಡ್ಡಿಗೆ ಸಾಗಿಸಿದೆವು. ಎಂಜಿನ್ ಕೂರುವುದು ದೋಣಿಯ ಹಿಂಭಾಗದ ಅಡ್ಡ ಹಲಗೆಯ ಮೇಲೆ. ಹೊರಗೆ ಫೈಬರ್, ಒಳಗೆ ಪ್ಲೈವುಡ್. ಅವನು ಸುತ್ತಿಗೆಯ ಹಿಡಿಯಿಂದ ಅದನ್ನು ಉದ್ದಕ್ಕೂ ಬಡಿಯುತ್ತ ಹೋದ. ಒಂದು ತುದಿಯಿಂದ ಟಕ್ ಟಕ್ ಎಂದು ಬರುತ್ತಿದ್ದ ಸದ್ದು ನಡುವೆ ಬಂದಾಗ ಹಸಿ ಗೋಡೆ ತಟ್ಟಿದಂತೆ ಮಂದವಾಯಿತು. ಸಣ್ಣ ತೂತು ಕೊರೆದು ನೋಡಿದರೆ ಚಹಾಪುಡಿಯಂಥ ಒದ್ದೆ ಹೊಟ್ಟು ಉದುರಿತು.

"ದೋಸ್ತ, ಇದರ ಮ್ಯಾಲ ನಲವತ್ತರದು ಕುಂದ್ರಿಸಿದ್ರ ಹಲಗಿ ಕಿತ್ಗೊಂಡು ಎಂಜಿನ್ ಹೊಳಿ ತಳ ಸೇರ್ತೈತಿ. ಸಣ್ಣದು ಹಾಕಿದ್ರೂ ಮೊದಲ ಇದನ್ನ ಹೊಸದು ಮಾಡಬೇಕು," ಎಂದ ಗೆಳೆಯ.

ಅಣ್ಣನ ಮುಖ ಸಪ್ಪಗಾಯಿತು. ಆದರೆ ಅವನ ಬೇಸರಕ್ಕೆ ಆಯುಸ್ಸು ಕಡಿಮೆ. ಚಹಾ ಬರುವಷ್ಟರಲ್ಲಿ, ಹೊಸ ಬಣ್ಣ ಯಾವುದಿರಬೇಕು ಎಂದು ಅವರಿಬ್ಬರ ಜಗಳ ಶುರುವಾಗಿತ್ತು.

ಆಮೇಲಿನ ಭಾನುವಾರಗಳನ್ನು ನೆನೆಸಿದರೆ ಈಗಲೂ ಖುಷಿಯಾಗುತ್ತದೆ. ನಾನು ರಾಣೇಬೆನ್ನೂರಿನಿಂದ, ಅಣ್ಣ ಅತ್ತಿಗೆ ಬ್ಯಾಡಗಿಯಿಂದ ಹಾವೇರಿಯ ಆ ಶೆಡ್ಡಿಗೆ ಹೋಗುತ್ತಿದ್ದೆವು. ಗೆಳೆಯ ಕೊಳೆತ ಪ್ಲೈವುಡ್ಡನ್ನೆಲ್ಲ ಕೆತ್ತಿ ತೆಗೆದ. ನೀರಿಗೆ ಕೊಳೆಯದ ಹೊಸ ಹಲಗೆ ಕೂರಿಸಿ, ಫೈಬರ್ ಬಟ್ಟೆಯ ಮೇಲೆ ಅಂಟು ಬಳಿದು ಪದರದ ಮೇಲೆ ಪದರ ಹಚ್ಚಿದ. ಅದು ಒಣಗುವ ತನಕ ನಾವು ಹೊರಗೆ ಬೇವಿನ ನೆರಳಿನಲ್ಲಿ ಗಿರ್ಮಿಟ್ಟು, ಮಿರ್ಚಿ ತಿನ್ನುತ್ತ ಕೂರುತ್ತಿದ್ದೆವು. ಗೆಳೆಯನ ಹೆಂಡತಿ ಅತ್ತಿಗೆಗೆ ಶ್ಯಾವಿಗೆ ಪಾಯಸದ ಹದ ಹೇಳಿಕೊಟ್ಟದ್ದು ಅಲ್ಲೇ.

ಹಲಗೆ ಗಟ್ಟಿಯಾದ ಮೇಲೆ ಅಣ್ಣನ ಆಸೆ ಮತ್ತೆ ಚಿಗುರಿತು. ಈಗ ನಲವತ್ತಕ್ಕೂ ಅಡ್ಡಿಯಿಲ್ಲವಲ್ಲ ಎಂದ. ಹಲಗೆ ಹೊಸದಾದರೂ ದೋಣಿ ಅದೇ ಎಂದೆ. ಒಪ್ಪಲಿಲ್ಲ. ಕೊನೆಗೆ, ಎಂಜಿನ್ ತರುವ ಮೊದಲು ಅಷ್ಟೇ ಭಾರ ಇಟ್ಟು ನೋಡೋಣ ಎಂದೆ. ಅದಕ್ಕೆ ಒಪ್ಪಿದ.

ದೀಪಾವಳಿ ಮುಗಿದು ಹೊಳೆ ತಿಳಿಯಾಗಿತ್ತು. ಮೇಡ್ಲೇರಿಯ ದಂಡೆಯಲ್ಲಿ, ಮೊಣಕಾಲುದ್ದ ನೀರಿನಲ್ಲಿ ದೋಣಿಯನ್ನು ಹಗ್ಗ ಕಟ್ಟಿ ನಿಲ್ಲಿಸಿದೆವು. ನಲವತ್ತು ಎಚ್‌ಪಿ ಎಂಜಿನ್ ಹೆಚ್ಚುಕಡಿಮೆ ಒಂದು ಕ್ವಿಂಟಲ್ ತೂಗುತ್ತದೆ. ಗೊಬ್ಬರದ ಖಾಲಿ ಚೀಲಗಳಲ್ಲಿ ಅಷ್ಟು ಮರಳು ತುಂಬಿ ಹಿಂದಿನ ಅಂಚಿಗೆ ಒತ್ತಿ ಇಟ್ಟೆವು. ಅಣ್ಣ ಓಡಿಸುವವನ ಜಾಗದಲ್ಲಿ ರಾಜನ ಹಾಗೆ ಹೋಗಿ ಕೂತ. ದೋಣಿಯ ಮೂತಿ ಮೇಲೆದ್ದಿತು. ಹಿಂದೆ ನೀರು ಅಂಚಿಗೆ ಒಂದು ಗೇಣೂ ಉಳಿಯದಷ್ಟು ಹತ್ತಿರ ಬಂತು. ನಾನು ಬೇಕೆಂದೇ ದೋಣಿಯನ್ನು ತುಸು ಅಲುಗಾಡಿಸಿದೆ. ತಣ್ಣನೆಯ ನೀರು ಅಂಚು ದಾಟಿ ಅವನ ಪಂಚೆ ತೋಯಿಸಿತು.

ದಂಡೆಯ ಮೇಲೆ ನಿಂತಿದ್ದ ಅತ್ತಿಗೆ ಸಾವಕಾಶವಾಗಿ ಕೇಳಿದಳು: "ನೀವೊಬ್ರು ಕುಂತಿದ್ದಕ್ಕ ಹಿಂಗಾತು. ನಾ ಎಲ್ಲಿ ಕುಂದ್ರಲಿ?"

ಅಣ್ಣ ಅವಳನ್ನು ನೋಡಿದ, ತೊಯ್ದ ಪಂಚೆ ನೋಡಿಕೊಂಡ, ಆಮೇಲೆ ನಕ್ಕ ನಗುವಿಗೆ ದೋಣಿ ಇನ್ನಷ್ಟು ಅಲುಗಾಡಿತು. ಸಣ್ಣ ಎಂಜಿನ್ನಿನಷ್ಟೇ ಭಾರ ಉಳಿಯುವಂತೆ ಅರ್ಧಕ್ಕಿಂತ ಹೆಚ್ಚು ಚೀಲ ಇಳಿಸಿದೆವು. ದೋಣಿ ಸಮನಾಗಿ, ಹಗುರಾಗಿ ನಿಂತಿತು. ಅತ್ತಿಗೆ ನಡುವಿನ ಹಲಗೆಯ ಮೇಲೆ ಹೋಗಿ ಕೂತಳು. ಆಗಲೂ ಅಂಚು ನೀರಿನಿಂದ ಎತ್ತರದಲ್ಲೇ ಇತ್ತು. ಅಲ್ಲಿಗೆ ವಾದ ಮುಗಿಯಿತು.

ಹದಿನೈದರ ಮಿತಿಯ ಒಳಗೇ ಇರಲೆಂದು ಹತ್ತು ಎಚ್‌ಪಿಯ ಎಂಜಿನ್ ತಂದೆವು. ನೀರು ತಳ್ಳುವ ಫ್ಯಾನಿನ ಮೇಲಿರುವ ಅಡ್ಡ ತಗಡು ದೋಣಿಯ ತಳಕ್ಕೆ ಸಮ ಬರುವಂತೆ ಗೆಳೆಯನೇ ಅಳತೆ ಹಿಡಿದು ಕೂರಿಸಿದ. ಕಾಗದಪತ್ರಕ್ಕೆ ಅಣ್ಣ ಓಡಾಡಿದ. ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳು ಬಂದವು. ಎಂಜಿನ್ನಿಗೆ ಒಂದು ಕೆಂಪು ದಾರವಿತ್ತು; ಅದರ ತುದಿಯನ್ನು ಓಡಿಸುವವರು ಮುಂಗೈಗೆ ಕಟ್ಟಿಕೊಳ್ಳಬೇಕು. ಅವರು ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ತಾನೇ ನಿಲ್ಲುತ್ತದೆ. ಅದನ್ನು ಎಳೆದು ಪರೀಕ್ಷೆ ಮಾಡುವುದು ಅಣ್ಣನಿಗೆ ಎಷ್ಟು ಇಷ್ಟವಾಯಿತೆಂದರೆ ಎಂಜಿನ್ ಹತ್ತು ಸಲ ಶುರುವಾಗಿ ಹತ್ತು ಸಲ ನಿಂತಿತು.

ಮೊದಲು ಅವನೂ ಗೆಳೆಯನೂ ದಂಡೆಯ ಪಕ್ಕದಲ್ಲೇ ಮೆಲ್ಲಗೆ ಹೋಗಿ ಬಂದರು. ತುಸು ವೇಗ ಹೆಚ್ಚಿಸಿದರು, ಅಗಲವಾಗಿ ತಿರುಗಿಸಿ ನೋಡಿದರು. ದೋಣಿ ಎಲ್ಲಿಯೂ ವಾಲಲಿಲ್ಲ. ಆಮೇಲೆ ನಾನೂ ಅತ್ತಿಗೆಯೂ ಹತ್ತಿದೆವು. ಅರ್ಧ ದಿನದ ದಾರಿ ಒಂದು ಎಲೆ ಅಡಿಕೆ ಹಾಕಿಕೊಂಡು ಮುಗಿಸುವಷ್ಟರಲ್ಲಿ ಮುಗಿಯಿತು. ಆಚೆ ದಂಡೆಯಲ್ಲಿ ಅತ್ತಿಗೆಯ ತಮ್ಮ, ಅವನ ಹೆಂಡತಿ, ಅಕ್ಕಪಕ್ಕದ ಮನೆಯವರೆಲ್ಲ ನಿಂತಿದ್ದರು. ಸೀರೆ ಎತ್ತಿ ಹಿಡಿದು ಕೆಸರಿಗೆ ಕಾಲಿಟ್ಟ ಅತ್ತಿಗೆಯನ್ನು ಅವರು ಎತ್ತಿಕೊಂಡಂತೆಯೇ ದಂಡೆ ಹತ್ತಿಸಿದರು. ಬಿಸಿ ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು. ಅಣ್ಣ ಎಷ್ಟು ಉಂಡನೆಂದರೆ, ಬಂದ ಭಾರಕ್ಕೂ ಹೋಗುವ ಭಾರಕ್ಕೂ ವ್ಯತ್ಯಾಸವಿದೆ, ಮರಳಿನ ಚೀಲ ಮತ್ತೆ ತರಿಸಲೇ ಎಂದು ಗೆಳೆಯ ಕೇಳಿದ.

ಹಿಂತಿರುಗುವಾಗ ಹೊಳೆಯಲ್ಲಿ ಬೇರೆ ದೋಣಿ ಇರಲಿಲ್ಲ. ಅತ್ತಿಗೆ ಅಣ್ಣನ ಪಕ್ಕಕ್ಕೆ ಸರಿದು ಕೂತು, ಎಂಜಿನ್ನಿನ ಹಿಡಿಕೆ ಕೊಡಿರಿ ಎಂದಳು. ಅವನು ಕೆಂಪು ದಾರ ಬಿಚ್ಚಿ ಅವಳ ಬಳೆಗಳ ಮೇಲೆ ಕಟ್ಟಿದ. ಹಿಡಿಕೆ ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುವುದು ಮೊದಮೊದಲು ಅವಳಿಗೆ ವಿಚಿತ್ರವೆನಿಸಿತು. ಎರಡು ಸಲ ಹಾವಿನಂತೆ ಹರಿದು, ಆಮೇಲೆ ನೆಟ್ಟಗಾದಳು. ನಮ್ಮ ಹೊಲ ನೇರಕ್ಕೆ ಬಂತು. ಅವಳು ವೇಗ ತಗ್ಗಿಸಲಿಲ್ಲ. ಹೊಲ ಬಂತಲ್ಲ, ದಂಡೆಗೆ ತಿರುಗಿಸು ಎಂದು ಅಣ್ಣ ಹೇಳಿದ.

"ಇನ್ನ ಬಿಸಲ ಐತಲ್ರಿ. ಸ್ವಲ್ಪ ಮ್ಯಾಲ ಹೋಗಿ ಬರೋಣು," ಎಂದು ಅತ್ತಿಗೆ ದೋಣಿಯನ್ನು ಹೊಳೆಯ ನಡುವಿಗೇ ಇಟ್ಟುಕೊಂಡು ಮುಂದೆ ನಡೆಸಿದಳು.