ಎದುರು ಬದಿಯ ಮೆಟ್ಟುಹಲಗೆ

ಆರ್ವಿಡ್ ಟ್ವೇಟನ್‌ಗೆ ಬೇಕಾಗಿದ್ದು ಒಂದು ಮೇಜು. ಊಟಕ್ಕಲ್ಲ, ಬರೆಯುವುದಕ್ಕೂ ಅಲ್ಲ. ಹಾರಿಸಿದ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬಿ ಗುಂಡು ಕೂರಿಸುವುದಕ್ಕೆ. ಮೊಂಟಾನಾದ ಈ ಭಾಗದಲ್ಲಿ ಜಿಂಕೆ ಬೇಟೆಗೆ ಹೋಗುವವರ ಮನೆಗಳಲ್ಲಿ ಅಂಥ ಮೇಜು ಗೋಡೆಗೆ ಬೋಲ್ಟ್ ಹಾಕಿಸಿಕೊಂಡು ನಿಂತಿರುತ್ತದೆ. ಅವನೀಗ ಇರುವುದು ವೆಲ್ಡಾಳ ಮಹಡಿಯ ಬಾಡಿಗೆ ಕೋಣೆಯಲ್ಲಿ. ಕ್ಯಾಲೆಂಡರಿಗೆ ಮೊಳೆ ಹೊಡೆದರೂ ಆಕೆಗೆ ಮೈಮೇಲೆ ಬರುತ್ತದೆ. ಹಾಗಾಗಿ ಮಡಚಿ ಎತ್ತಿಡುವ ಮೇಜೇ ಆಗಬೇಕು.

"ಅಂಗಡೀಲಿ ಸಿಗುತ್ತಲ್ರೀ, ತಂದ್ಬಿಡಿ," ಎಂದಳು ವೆಲ್ಡಾ.

"ಅಂಗಡೀದು ಅಂಗಡೀಲೇ ಇರ್ಲಿ," ಎಂದು ಆರ್ವಿಡ್ ಹಲಗೆ ಕೊಯ್ಯಲು ಕೂತ.

ಆರ್ವಿಡ್ ಬದುಕಿಡೀ ಕೌಂಟಿ ರಸ್ತೆಗಳ ಹಿಮ ತಳ್ಳುವ ಗಾಡಿ ಓಡಿಸಿದವನು. ಮದುವೆಯಾಗಲಿಲ್ಲ. ಮಾತು ಕಡಿಮೆ; ಅವನ ಪಾಲಿನ ಮಾತನ್ನೂ ಡ್ಯೂಯಿ ಲಾಫ್‌ಗ್ರೆನ್ ಆಡುತ್ತಿದ್ದ. ಡ್ಯೂಯಿ ಕುರಿಯ ಉಣ್ಣೆ ಕತ್ತರಿಸುವವನು, ಭಾರೀ ಆಳು, ಬಾಯಿ ತೆರೆದರೆ ಸಂತೆ. ಇಬ್ಬರೂ ಡ್ಯೂಯಿಯ ಮಡಚುವ ಮೇಜನ್ನು ಪಿಕಪ್‌ಗೆ ಹೇರಿಕೊಂಡು ಜಲ್ಲಿಗುಂಡಿಗೆ ಹೋಗುತ್ತಿದ್ದರು. ಅಲ್ಲೇ ತುಂಬುವುದು, ಅಲ್ಲೇ ಹಾರಿಸಿ ನೋಡುವುದು, ಮದ್ದನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಿ ಮತ್ತೆ ತುಂಬುವುದು. ತೋಟಾಕ್ಕೆ ಗುಂಡು ಒತ್ತಿ ಕೂರಿಸುವ ಪ್ರೆಸ್ಸನ್ನು ಮೇಜಿಗೆ ಬಿಗಿದು ಅದರ ಹಿಡಿ ಕೆಳಗೆಳೆದಾಗ ಹಗುರ ಮೇಜು ಎಳೆದವನ ಮೈಮೇಲೇ ವಾಲುತ್ತದೆ. ಅದಕ್ಕೇ ಎದುರು ಬದಿಯಲ್ಲಿ ಒಂದು ಮೆಟ್ಟುಹಲಗೆ. ಡ್ಯೂಯಿ ಅದರ ಮೇಲೆ ಹತ್ತಿ ನಿಂತರೆ ಮೇಜು ಮಿಸುಕುತ್ತಿರಲಿಲ್ಲ.

"ಅಳತೆ ನಿಂದು, ಭಾರ ನಂದು ಕಣೋ," ಎನ್ನುತ್ತಿದ್ದ.

ಇನ್ನೊಬ್ಬ ತುಂಬಿದ ತೋಟಾವನ್ನು ಈ ಸೀಮೆಯಲ್ಲಿ ಯಾರೂ ಕೋವಿಗೆ ಹಾಕುವುದಿಲ್ಲ. ಹೆಂಡತಿ ಮಕ್ಕಳನ್ನು ಬೇರೆಯವರ ವಶಕ್ಕೆ ಬಿಟ್ಟುಹೋದಾರು, ಅದೊಂದನ್ನು ಮಾತ್ರ ಒಲ್ಲರು. ಒಂದೇ ತೋಟಾಕ್ಕೆ ಮದ್ದು ಎರಡು ಸಲ ಬಿದ್ದರೆ ಕೋವಿ ಮುಖದಲ್ಲೇ ಸಿಡಿದೀತು. ಡ್ಯೂಯಿ ಮಾತ್ರ ಆರ್ವಿಡ್ ತುಂಬಿದ್ದನ್ನು ಬಿಟ್ಟು ಬೇರೆ ಹಾರಿಸಲಿಲ್ಲ. ಮದ್ದು ಹಾಕುವಾಗ ಮಾತು ನಿಷಿದ್ಧ, ಲೆಕ್ಕ ತಪ್ಪಬಾರದು. ಕೊನೆಯ ತೋಟಾ ಆದಮೇಲೆ ಆರ್ವಿಡ್ "ಮುಗೀತು ಕಣೋ" ಎನ್ನಬೇಕು, ಆಗ ಡ್ಯೂಯಿಯ ಬಾಯಿಯ ಕಟ್ಟೆ ಒಡೆಯುತ್ತಿತ್ತು.

ಈ ವಸಂತದಲ್ಲಿ ಉಣ್ಣೆ ಕತ್ತರಿಸುತ್ತಲೇ ಡ್ಯೂಯಿಯ ಎದೆಬಡಿತ ನಿಂತಿತು. ಅವನ ಹೆಂಡತಿ ಎಲ್ಲವನ್ನೂ ಹರಾಜು ಹಾಕಿ ತಂಗಿಯ ಊರಿಗೆ ಹೋದಳು. ಮೇಜೂ ಹರಾಜಿಗೆ ಬಂತು. ಆರ್ವಿಡ್ ಜನರ ನಡುವೆ ನಿಂತಿದ್ದ, ಕೈ ಎತ್ತಲಿಲ್ಲ. ಹಳೇ ಹಲಗೆಗೆ ಆಸೆ ಬೀಳುತ್ತಾನೆಂದು ನಾಲ್ಕು ಜನ ನಕ್ಕಾರೆಂಬ ಸಂಕೋಚ. ಕಳ್ಳರು ಕೂಡ ಮನುಷ್ಯನಿಗೆ ಸಂಕೋಚದಷ್ಟು ನಷ್ಟ ಮಾಡುವುದಿಲ್ಲ. ಯಾರೋ ಗುರುತಿಲ್ಲದವನು ತುಕ್ಕು ಸಲಾಕೆಗಳ ಜೊತೆ ಅದನ್ನೂ ಒಯ್ದ.

ಈಗ ಬೇಟೆಯ ಕಾಲ ಹತ್ತಿರ ಬಂದಿತ್ತು. ತಾನೇ ತುಂಬಿಕೊಂಡು ಒಬ್ಬನೇ ಬೆಟ್ಟ ಹತ್ತುವುದು ಸಾಧ್ಯವೋ, ಇಲ್ಲ ಕೋವಿ ಮಾರಿ ಕಿಟಕಿಯ ಬಳಿ ಕೂರುವುದೋ? ಈ ಮೇಜು ನಿಂತರೆ ಹೋಗುವುದು, ಇಲ್ಲದಿದ್ದರೆ ಇಲ್ಲ ಎಂದು ಅವನು ಮನಸ್ಸಿನಲ್ಲೇ ಪಣ ಕಟ್ಟಿದ್ದ.

ಮೇಜು ಚೆಂದವಾಗಿಯೇ ಬಂತು. ಪ್ರೆಸ್ಸು ಬಿಗಿದು ಹಿಡಿ ಎಳೆದ. ಮೇಜು ಅವನ ಹೊಟ್ಟೆಯ ಮೇಲೆ ವಾಲಿತು, ಡಬ್ಬಿಗಳು ನೆಲಕ್ಕುರುಳಿದವು. ಬಗ್ಗಿ ನೋಡಿದರೆ, ಮೆಟ್ಟುಹಲಗೆ ಎದುರು ಬದಿಯಲ್ಲಿತ್ತು. ತಲೆಯನ್ನು ಕೇಳದೆಯೇ ಕೈಗಳು ಡ್ಯೂಯಿಗೆ ಜಾಗ ಮಾಡಿಟ್ಟಿದ್ದವು.

ಸದ್ದಿಗೆ ವೆಲ್ಡಾ ಏದುಸಿರು ಬಿಡುತ್ತ ಮೇಲೆ ಬಂದಳು. ಎದುರು ಬದಿಯ ಹಲಗೆಗೆ ಭಾರ ಬೇಕೆಂದು ಆರ್ವಿಡ್ ತೋರಿಸಿದ. "ಅಷ್ಟೇ ತಾನೆ? ನಾನ್ ನಿಲ್ತೀನಿ, ಎಳೀರಿ. ದೇವ್ರು ಮೈಯಿ ಕೊಟ್ಟಿದ್ದು ಇಂಥದ್ದಕ್ಕಾದ್ರೂ ಆಗ್ಲಿ."

ಮೇಜು ನಿಂತಿತು. ಆರ್ವಿಡ್‌ನ ಮುಖ ಅರಳಿತು. ಮದ್ದಿನ ಡಬ್ಬಿ ತೆರೆದ.

"ನಮ್ಮಕ್ಕನ ಮಗ ಮತ್ತೆ ಕೆಲ್ಸ ಬಿಟ್ನಂತೆ, ಕೇಳಿದ್ರಾ?"

ಆರ್ವಿಡ್ ಡಬ್ಬಿ ಮುಚ್ಚಿದ. "ಮದ್ದು ಹಾಕೋವಾಗ ಮಾತಾಡ್ಬಾರ್ದು, ವೆಲ್ಡಾ."

"ಎಷ್ಟೊತ್ತು?"

"ಮುಗಿಯೋವರ್ಗೂ."

"ಬಾಯಿಗೆ ಬೀಗ ಹಾಕ್ಕೊಂಡು ಕಂಬದ ಥರ ನಿಲ್ಲೋದಾ? ಅದಕ್ಕೆ ಬೇರೆ ಜನ್ಮ ಎತ್ತಿ ಬರ್ಬೇಕು. ಒಲೆ ಮೇಲೆ ಸೂಪಿದೆ, ನಾನ್ ಬರ್ತೀನಿ." ನಗುತ್ತಲೇ ಇಳಿದುಹೋದಳು.

ಅವಳದೇನೂ ತಪ್ಪಿರಲಿಲ್ಲ. ಆದರೆ ಆರ್ವಿಡ್‌ಗೆ ಡ್ಯೂಯಿ ನೆನಪಾದ. ಸೀಮೆಗೇ ಮಾತುಗಾರನಾದವನು ವರ್ಷಗಟ್ಟಲೆ ತನಗೋಸ್ಕರ ಬಾಯಿ ಕಟ್ಟಿ ನಿಂತಿದ್ದ. ಅದು ಎಷ್ಟು ಕಷ್ಟದ್ದೆಂದು ಅವನಿರುವಾಗ ಒಮ್ಮೆಯೂ ಹೊಳೆದಿರಲಿಲ್ಲ.

ಬಹಳ ಹೊತ್ತಿನ ಮೇಲೆ ಆರ್ವಿಡ್ ತಿರುಪುಮೊಳೆ ಬಿಚ್ಚಿ, ಮೆಟ್ಟುಹಲಗೆಯನ್ನು ತಾನು ನಿಲ್ಲುವ ಬದಿಗೆ, ತನ್ನ ಭಾರವೇ ಮೇಜನ್ನು ನೆಲಕ್ಕೆ ಒತ್ತಿ ಹಿಡಿಯುವಂತೆ ಕಾಲುಗಳ ಒಳಗಡೆ ಕೂರಿಸಿದ. ಅದರ ಮೇಲೆ ತಾನೇ ಹತ್ತಿ ಹಿಡಿ ಎಳೆದ. ಮೇಜು ಮಿಸುಕಲಿಲ್ಲ. ಒಂದೊಂದಾಗಿ ತುಂಬಿದ, ಗುಂಡು ಕೂರಿಸಿದ, ಡಬ್ಬಿ ಮುಚ್ಚಿದ. ಬೆಟ್ಟಕ್ಕೆ ಹೋಗುವುದು ಖಾತ್ರಿಯಾಯಿತು.

"ಮುಗೀತು ಕಣೋ," ಎಂದ, ಅಭ್ಯಾಸದಿಂದ.

ಎಂದವನು, ಮೇಜಿನ ಆಚೆ ನೋಡುತ್ತ, ಉತ್ತರಕ್ಕೆ ಕಾಯುವಷ್ಟು ಹೊತ್ತು ನಿಂತ.